ಸಿದ್ದಲಕ್ಷ್ಮಮ್ಮ ನಕ್ಕ ಫೋಟೊ

ಸುಗುಣಾ ಬೆಳಗಿನ ಹೊತ್ತು ನಡೆಯಲು ಶುರುಮಾಡಿದ್ದು ಸಕ್ಕರೆ ಕಾಯಿಲೆಯ ದೆಸೆಯಿಂದ. ತಮಿಳುನಾಡಿನ ಮೇಚೇರಿಯಲ್ಲಿ, ಬಸ್‌ಸ್ಟ್ಯಾಂಡಿನ ಎದುರು ಸಾಲಿನಲ್ಲಿ ಅವಳ ಸ್ಟುಡಿಯೊ. ಇಪ್ಪತ್ತು ವರ್ಷಗಳಿಂದ ಅಲ್ಲಿ ಕೂತು ಪಾಸ್‌ಪೋರ್ಟ್ ಸೈಜಿನ ಫೋಟೊ, ಪರೀಕ್ಷೆಯ ಅರ್ಜಿಗೆ ಅಂಟಿಸುವ ಫೋಟೊ, ಕಿವಿ ಚುಚ್ಚಿಸಿಕೊಂಡು ಅಳುವ ಮಕ್ಕಳ ಫೋಟೊ, ತೀರಿಕೊಂಡವರಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಫೋಟೊ, ಎಲ್ಲವನ್ನೂ ತೆಗೆದು, ತಿದ್ದಿ, ಕತ್ತರಿಸಿ ಕೊಡುತ್ತಿದ್ದಳು. ಗಲ್ಲ ಸ್ವಲ್ಪ ಕೆಳಗೆ, ಕಣ್ಣು ಇಲ್ಲಿ ಎಂದು ದಿನಕ್ಕೆ ಐವತ್ತು ಸಲ ತಮಿಳಿನಲ್ಲಿ ಹೇಳುತ್ತಿದ್ದಳು. ನಲವತ್ತೆರಡನೇ ವಯಸ್ಸಿಗೆ ಪಾದ ಜೋಮು ಹಿಡಿಯತೊಡಗಿತು. ಡಾಕ್ಟರಮ್ಮ ರಕ್ತಪರೀಕ್ಷೆಯ ಚೀಟಿ ನೋಡಿ, ದಿನಾ ಒಂದು ಗಂಟೆ ನಡೆಯದಿದ್ದರೆ ಮಾತ್ರೆ ಏರುತ್ತಲೇ ಹೋಗುತ್ತದೆ ಎಂದರು. ಗಂಡ ಲಾರಿ ಡ್ರೈವರು. ತಿಂಗಳಲ್ಲಿ ಇಪ್ಪತ್ತು ದಿನ ಗುಜರಾತಿನ ಕಡೆ ಇರುತ್ತಿದ್ದ. ಮಗಳು ಧರ್ಮಪುರಿಯಲ್ಲಿ ಕಾಲೇಜಿನ ಹಾಸ್ಟೆಲಿನಲ್ಲಿದ್ದಳು. ಬೆಳಿಗ್ಗೆ ಆರಕ್ಕೆ ಮನೆಗೆ ಬೀಗ ಹಾಕಿ ಹೊರಟರೆ ಕೇಳುವವರು ಯಾರೂ ಇರಲಿಲ್ಲ.

ಊರು ದಾಟಿದ ಮೇಲೆ ಕರಡಿಪಟ್ಟಿಗೆ ಹೋಗುವ ಒಂದು ಮಣ್ಣಿನ ದಾರಿ ಇದೆ. ಎರಡೂ ಬದಿಗೆ ಜಾಲಿ ಮುಳ್ಳು, ನಡುನಡುವೆ ತಂಗಡಿಯ ಹಳದಿ ಹೂ, ಕೊನೆಗೆ ಬಂಡೆಗಳ ಒಂದು ದಿಬ್ಬ. ದಿಬ್ಬ ಹತ್ತಿದರೆ ದೂರದಲ್ಲಿ ಮೆಟ್ಟೂರಿನ ಕರೆಂಟ್ ಕಾರ್ಖಾನೆಯ ಚಿಮಣಿಗಳು ಕಾಣುತ್ತವೆ. ನಡೆಯಲು ಶುರುಮಾಡಿದ ಎರಡನೇ ವಾರವೋ ಮೂರನೇ ವಾರವೋ, ದಾರಿಯ ತುಂಬ ಕುರಿ ನಿಂತಿದ್ದವು. ಕಂದು ಬಣ್ಣದ, ಉಣ್ಣೆಯಿಲ್ಲದ ಆ ಕಡೆಯ ಕುರಿಗಳು. ಹಿಂದೆ ಕೋಲು ಹಿಡಿದ ಒಬ್ಬ ಹೆಂಗಸು ಒಂದು ಕುರಿಯನ್ನು ಬಯ್ಯುತ್ತಿದ್ದಳು.

"ಅತ್ಲಾಗ್ ಓಗ್ತೀಯೋ ಇಲ್ಲ ಕಾಲ್ ಮುರೀಲೋ ನಿಂದು?"

ಸುಗುಣಾ ನಿಂತುಬಿಟ್ಟಳು. ಅವಳ ತಾಯಿ ತೀರಿಕೊಂಡು ಆರು ವರ್ಷವಾಗಿತ್ತು. ಅಂದಿನಿಂದ ಮನೆಯಲ್ಲಿ ತಮಿಳೇ; ಮಗಳಿಗೆ ಕನ್ನಡ ಅರ್ಥವಾಗುತ್ತಿತ್ತು, ಆದರೆ ಆಡಲು ನಾಚಿಕೆ. ಕುರಿಯನ್ನು ಬಯ್ಯುವ ಆ ರಾಗ ತಾಯಿಯದೇ ಆಗಿತ್ತು.

"ಇರ್ಲಿ ಬುಡಕ್ಕ, ನಾನೇ ಪಕ್ಕಕ್ಕೆ ಓಗ್ತೀನಿ," ಎಂದಳು.

ಹೆಂಗಸು ಹುಬ್ಬಿಗೆ ಕೈಯಿಟ್ಟು ನೋಡಿದಳು. "ನೀನೂ ಕನ್ನಡದೋಳೇನೇ? ಚಪ್ಲಿ ನೋಡುದ್ರೆ ಟೀಚರಮ್ಮನಂಗ್ ಇದ್ದೀಯ."

ಸಿದ್ದಲಕ್ಷ್ಮಮ್ಮನ ಪರಿಚಯವಾದದ್ದು ಹೀಗೆ. ಅರವತ್ತು ದಾಟಿದ್ದಳು. ಕರಡಿಪಟ್ಟಿಯಲ್ಲಿ ಅವಳದೂ ಗಂಡ ನಂಜಪ್ಪನದೂ ಮೂರು ಎಕರೆ ಜಮೀನು, ಒಂದು ಬಾವಿ, ಒಂದು ಹಸು, ನಲವತ್ತೆರಡು ಕುರಿ. ಒಬ್ಬಳೇ ಮಗಳು ಶಾಂತಿಯನ್ನು ಹರೂರಿಗೆ ಮದುವೆ ಮಾಡಿಕೊಟ್ಟಿದ್ದರು. ಒಂದು ಗಂಟೆಯ ನಡಿಗೆ ಒಂದೂವರೆಯಾಯಿತು, ಆಮೇಲೆ ಎರಡಾಯಿತು. ಇಬ್ಬರೂ ಕುರಿಗಳ ಹಿಂದೆ ನಿಧಾನವಾಗಿ ನಡೆಯುತ್ತಾ, ತಮ್ಮ ತಮ್ಮ ಮಗಳ ವಿಷಯ, ಮಂಡಿನೋವಿನ ವಿಷಯ, ಸಂತೆಯಲ್ಲಿ ಟೊಮೇಟೊ ಬೆಲೆ ಬಿದ್ದುಹೋದ ವಿಷಯ ಮಾತಾಡುವರು.

ಕ್ಯಾಮೆರಾವನ್ನು ಹೆಗಲಿಗೆ ಹಾಕಿಕೊಂಡು ಬರಲು ಶುರುಮಾಡಿದ್ದು ನಾಲ್ಕೈದು ತಿಂಗಳ ಮೇಲೆ. ಸ್ಟುಡಿಯೊದಲ್ಲಿ ಬೆಳಕು ಎಂದರೆ ಎರಡು ಬಿಳಿ ಕೊಡೆ, ಸ್ವಿಚ್ ಒತ್ತಿದರೆ ಪ್ರತಿ ಸಲವೂ ಒಂದೇ ಬೆಳಕು. ದಿಬ್ಬದ ಮೇಲೆ ಹಾಗಲ್ಲ. ಸೂರ್ಯ ಕುರಿಯ ಬೆನ್ನ ಹಿಂದೆ ಬಂದಾಗ ಕಿವಿಯೊಳಗಿನ ನರಗಳೂ ಕೆಂಪಗೆ ಕಾಣುತ್ತಿದ್ದವು. ಇಪ್ಪತ್ತು ವರ್ಷ ಬೇರೆಯವರು ಹೇಳಿದ ಫೋಟೊ ತೆಗೆದವಳಿಗೆ, ಯಾರೂ ಹೇಳದ ಫೋಟೊ ತೆಗೆಯುವುದು ಹೇಗೆ ಎಂದು ಮೊದಮೊದಲು ತಿಳಿಯಲೇ ಇಲ್ಲ. ತೆಗೆದದ್ದನ್ನು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಸಿದ್ದಲಕ್ಷ್ಮಮ್ಮನಿಗೆ ತೋರಿಸುವಳು. ಅವಳು ಕುರಿಗಳನ್ನು ಬೆನ್ನು ನೋಡಿಯೇ ಹೆಸರು ಹಿಡಿದು ಗುರುತಿಸುವಳು, ಕೊಂಕನ್ನೂ ತೆಗೆಯುವಳು.

"ಇದು ಚುಕ್ಕಿ. ಪಾಪ, ಕಾಲ್ ಯಾಕ್ ಕುಯ್ದ್ ಆಕಿದ್ದೀಯೆ? ಇನ್ನೊಂದ್ ಗಳಿಗೆ ನಿಂತಿದ್ರೆ ಅದೇ ಈಚೆ ಬರ್ತಿತ್ತು."

ಸುಗುಣಾ ಇನ್ನೊಂದು ಗಳಿಗೆ ನಿಲ್ಲುವುದನ್ನು ಕಲಿತಳು.

ಆ ಫೋಟೊ ತೆಗೆದದ್ದು ಪೊಂಗಲ್ ಕಳೆದ ವಾರ. ನೆಲದ ಮೇಲೆ ತೆಳ್ಳಗೆ ಮಂಜು ಇತ್ತು. ಸಿದ್ದಲಕ್ಷ್ಮಮ್ಮ ತಲೆಗೆ ನೀರು ಹಾಕಿಕೊಂಡು ಬಂದು, ಮುಳ್ಳಿಗೆ ಸಿಕ್ಕಿ ಹರಿದ ದಿನದ ಸೀರೆಯಲ್ಲೇ ಬಂಡೆಯ ಮೇಲೆ ಕೂತು ಕೂದಲು ಹರವಿಕೊಂಡಿದ್ದಳು. ತೊಡೆಯ ಮೇಲೆ ಮೂರು ದಿನದ ಮರಿ. ಸುಗುಣಾ ಸರಿಯಾದ ಜಾಗ ಹುಡುಕುತ್ತಾ ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದಾಗ, ಹಿಂದಿನಿಂದ ಒಂದು ಕುರಿ ಬಂದು ಅವಳ ದುಪ್ಪಟ್ಟದ ತುದಿಯನ್ನು ಬಾಯಿಗೆ ಹಾಕಿಕೊಂಡಿತು. ಅವಳು ಎಳೆದಳು, ಅದೂ ಎಳೆಯಿತು. ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದು ಕೈಯಲ್ಲಿ ದುಪ್ಪಟ್ಟ, ಸುಗುಣಾ ಒಂದು ಸುತ್ತು ಸುತ್ತಿ ಮಂಡಿಯೂರಿ ಬಿದ್ದಳು. ಸಿದ್ದಲಕ್ಷ್ಮಮ್ಮ ಮುಂದಿನ ಎರಡು ಹಲ್ಲಿಲ್ಲದ ಬಾಯಿ ತೆರೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬಿದ್ದಲ್ಲಿಂದಲೇ ಸುಗುಣಾ ಕ್ಯಾಮೆರಾದ ಗುಂಡಿ ಒತ್ತಿದಳು.

ಅಂದು ಸಂಜೆ ಅಂಗಡಿಯ ಕಂಪ್ಯೂಟರಿನಲ್ಲಿ ಅದನ್ನು ದೊಡ್ಡದು ಮಾಡಿ ನೋಡಿದಳು. ತಾನು ತೆಗೆದ ಫೋಟೊದಲ್ಲಿ ಒಬ್ಬರು ಬದುಕಿರುವುದು ಇದೇ ಮೊದಲು ಅನ್ನಿಸಿತು.

ಸೇಲಂನ ಒಂದು ಫೋಟೊ ಸಂಘದವರು ಜಿಲ್ಲೆಯ ಸ್ಟುಡಿಯೊಗಳವರಿಗೆ ಸ್ಪರ್ಧೆ ಇಟ್ಟಿದ್ದಾರೆಂದು ವಾಟ್ಸಾಪಿನಲ್ಲಿ ಬಂದಾಗ ಅವಳು ಅದನ್ನೇ ಕಳಿಸಿದಳು. ಅರ್ಜಿಯಲ್ಲಿ ಹೆಸರು, ವಿಳಾಸ, ಫೋನ್ ನಂಬರ್ ತುಂಬಿದಳು. ಚಿತ್ರದ ಶೀರ್ಷಿಕೆ ಎಂಬಲ್ಲಿ ಏನು ಬರೆಯಬೇಕೆಂದು ತೋಚದೆ ಹಾಗೇ ಬಿಟ್ಟಳು. ಸಿದ್ದಲಕ್ಷ್ಮಮ್ಮನಿಗೆ ಒಂದು ಮಾತು ಹೇಳಬೇಕು ಅನ್ನಿಸಿತ್ತು. ಬಹುಮಾನ ಬರುವುದೇನು ಖಾತ್ರಿ, ಬಂದರೆ ಹೇಳಿದರಾಯಿತು ಎಂದುಕೊಂಡಳು.

ಏಪ್ರಿಲ್ ಮೊದಲ ವಾರ ಬಹುಮಾನ ಬಂದೇ ಬಂತು. ಎರಡನೇ ಬಹುಮಾನ. ಸೇಲಂನಲ್ಲಿ ಹತ್ತು ದಿನದ ಪ್ರದರ್ಶನ. ಅವಳಿಗೆ ಸುದ್ದಿ ಗೊತ್ತಾಗುವ ಮೊದಲೇ ಪೇಪರಿನ ಜಿಲ್ಲಾ ಪುಟದಲ್ಲಿ ಫೋಟೊ ಅಚ್ಚಾಗಿತ್ತು. ಎದುರಿನ ಬೇಕರಿಯವನು ಪೇಪರು ಹಿಡಿದು ಓಡಿಬಂದ. ಸುಗುಣಾ ಪೇಪರು ತೆಗೆದುಕೊಂಡಳು. ಫೋಟೊ ನೋಡಿದಳು, ತನ್ನ ಹೆಸರು ನೋಡಿದಳು, ಆಮೇಲೆ ಕೆಳಗಿನ ಸಾಲು ನೋಡಿದಳು. ತಮಿಳಿನಲ್ಲಿ ದಪ್ಪ ಅಕ್ಷರದಲ್ಲಿ "ಬಡತನದ ನಗು" ಎಂದಿತ್ತು.

ಎಲ್ಲೋ ಒಂದು ಕಡೆ ಚುರುಕ್ಕೆಂದಿತು. ಆದರೆ ಅಷ್ಟರಲ್ಲಿ ಅಕ್ಕಪಕ್ಕದ ಅಂಗಡಿಯವರೆಲ್ಲ ಬಂದರು, ಗಂಡ ಸೂರತ್ತಿನಿಂದ ಫೋನ್ ಮಾಡಿದ, ಮಗಳು ಸ್ಟೇಟಸ್ ಹಾಕಿದಳು. ಆ ದಿನವಿಡೀ ಅವಳು ಆ ಸಾಲನ್ನು ಮತ್ತೆ ಓದಲಿಲ್ಲ. ಸಂಜೆ ಪೇಪರಿನ ಆ ತುಂಡನ್ನು ಕತ್ತರಿಸಿ, ಚಂದದ ಕಟ್ಟು ಹಾಕಿಸಿಟ್ಟಳು, ಬೆಳಿಗ್ಗೆ ಸಿದ್ದಲಕ್ಷ್ಮಮ್ಮನಿಗೆ ಕೊಡಬೇಕೆಂದು.

ಮರುದಿನ ದಿಬ್ಬದ ಮೇಲೆ ಯಾರೂ ಇರಲಿಲ್ಲ. ಅದರ ಮರುದಿನವೂ ಇರಲಿಲ್ಲ. ಮೂರನೆಯ ದಿನ ದಾರಿಯಲ್ಲಿ ಹಳೆಯ ಹಿಕ್ಕೆ ಒಣಗಿ ಬಿದ್ದಿರುವುದನ್ನು ಕಂಡು, ಕುರಿಗಳು ಬೇರೆ ದಾರಿ ಹಿಡಿದಿವೆ ಎಂದು ಸುಗುಣಾಳಿಗೆ ಗೊತ್ತಾಯಿತು. ನೇರವಾಗಿ ಕರಡಿಪಟ್ಟಿಗೆ ನಡೆದಳು.

ಸಿದ್ದಲಕ್ಷ್ಮಮ್ಮ ಹಟ್ಟಿ ಗುಡಿಸುತ್ತಿದ್ದಳು. ಪೊರಕೆ ಕೆಳಗಿಟ್ಟು, ಒಳಗೆ ಹೋಗಿ ಚಾಪೆ ತಂದು ಹಾಸಿದಳು.

"ಬನ್ನಿ, ಕುತ್ಕಳಿ. ಮಜ್ಜಿಗೆ ಕುಡೀತೀರಾ?"

ಒಂದೂವರೆ ವರ್ಷದಲ್ಲಿ ಅವಳು ಸುಗುಣಾಳನ್ನು ನೀನು ಎಂದೇ ಕರೆದದ್ದು, ಹೆಚ್ಚಿನ ದಿನ ಲೇ ಎಂದೇ ಕೂಗಿದ್ದು. ಆ ಬಹುವಚನ ಕೇಳಿ ಸುಗುಣಾ ಚಾಪೆಯ ಮೇಲೆ ಕೂರಲಾರದೆ ನಿಂತೇ ಇದ್ದಳು.

"ಏನಕ್ಕ, ಒಸದಾಗಿ ನೀವು ತಾವು ಅಂತೀಯ?"

"ಪೇಪರ್‌ನಲ್ಲಿ ಬರೋರು ನೀವು. ನಾವು ಇಲ್ದೋರು. ಎಂಗ್ ಮಾತಾಡ್ಬೇಕೋ ಅಂಗೇ ಮಾತಾಡ್ಬೇಕಲ್ವಾ."

"ಅದು ನಾನ್ ಬರ್ದಿದ್ದಲ್ಲಕ್ಕ. ಸಂಘದೋರು ಬರ್ದವ್ರೆ."

"ಬರ್ದೋರ್ಗೆ ನನ್ ಮೊಕ ಕೊಟ್ಟೋಳು ಯಾರು?"

ಸಿದ್ದಲಕ್ಷ್ಮಮ್ಮ ಮಜ್ಜಿಗೆಯ ಲೋಟವನ್ನು ಅವಳ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟಳು. ಆಮೇಲೆ ತಡೆದುಕೊಂಡಿದ್ದೆಲ್ಲ ಬಂತು.

"ನಂಗೇನು ಓದಾಕ್ ಬರ್ತದಾ? ಡೈರೀಲಿ ಆಲು ಆಕೋ ಕಡೆ, ಲೆಕ್ಕ ಬರ್ಯೋ ರಾಮು ಎಲ್ಲಾರ್ ಮುಂದೆ ಓದುದ. ಒಬ್ಬ ಅಂತಾನೆ, ಕಲೆಕ್ಟರ್ ಆಪೀಸ್ಗೆ ಈ ಪೇಪರ್ ತಕ್ಕೊಂಡ್ ಓದ್ರೆ ಏನಾರ ಕೊಡ್ತಾರೆ ಅಂತ. ನಲವತ್ತೆರಡ್ ಕುರಿ ಸಾಕೋಳ್ ನಾನು. ಮಗ್ಳ್ ಮದ್ವೇಲಿ ಐನೂರ್ ಎಲೆ ಆಕ್ಸಿದ್ವಿ. ಮುಳ್ಳಿನ್ ಕಾಡ್ಗೆ ಪಟ್ಟೆ ಸೀರೆ ಉಟ್ಕೊಂಡ್ ಓಗಕಾಯ್ತದಾ? ಅರ್ದಿರೋದೇ ಉಟ್ಕೊಂಡ್ ಓಗ್ಬೇಕು." ಅವಳ ದನಿ ಸಣ್ಣದಾಯಿತು. "ಶಾಂತಿ ಪೋನ್ ಮಾಡಿ ಅತ್ಲು. ಅವ್ಳ್ ಅತ್ತೆ ಕೇಳುದ್ಲಂತೆ, ನಿಮ್ಮವ್ವಂಗೆ ಒಂದ್ ಸೀರೆ ತಕ್ಕೊಡೋಕೂ ಯಾರೂ ಇಲ್ವಾ ಅಂತ."

ಕಟ್ಟು ಹಾಕಿಸಿದ ಪೇಪರಿನ ತುಂಡು ಸುಗುಣಾಳ ಚೀಲದಲ್ಲೇ ಉಳಿಯಿತು. ಮಜ್ಜಿಗೆ ಕುಡಿದು, ಲೋಟ ತೊಳೆದಿಟ್ಟು ಹೊರಟಳು. ದಾರಿಯುದ್ದಕ್ಕೂ ಅವಳು ತನ್ನನ್ನೇ ಕೇಳಿಕೊಂಡದ್ದು ಒಂದೇ. ಆ ಸಾಲು ಓದಿದ ಕೂಡಲೇ ಚುರುಕ್ಕೆಂದಿತ್ತಲ್ಲ, ಆಗಲೇ ಸಂಘಕ್ಕೆ ಫೋನ್ ಮಾಡಿ ಅದನ್ನು ತೆಗೆಸಲಿಲ್ಲ ಯಾಕೆ?

ಅಂದೇ ಅಂಗಡಿ ಮುಚ್ಚಿ ಸೇಲಂ ಬಸ್ಸು ಹತ್ತಿದಳು. ಸಂಘದ ಕಾರ್ಯದರ್ಶಿ ಧನಶೇಖರ್ ಎಂಬ ಕನ್ನಡಕದ ಅಂಗಡಿಯವನು. ಒಂದು ಮದುವೆ ಮಂಟಪದ ಊಟದ ಹಾಲ್‌ನಲ್ಲಿ ಬಿಳಿ ಬಟ್ಟೆ ಕಟ್ಟಿ ಫೋಟೊಗಳನ್ನು ತೂಗುಹಾಕಿದ್ದರು. ಅವನು ಕುರ್ಚಿ ಎಳೆದು ಕೂರಿಸಿ, ಅವಳು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದ.

"ತಪ್ಪು ನನ್ನದೇ ಅಮ್ಮ," ಎಂದ ತಮಿಳಿನಲ್ಲಿ. "ಏಳು ಜನ ಶೀರ್ಷಿಕೆ ಬರೆಯದೆ ಕಳಿಸಿದ್ದರು. ಎಲ್ಲದಕ್ಕೂ ನಾನೇ ಕೂತು ಒಂದೊಂದು ಬರೆದೆ. ಸೀರೆ ಹರಿದಿತ್ತು, ನಗುತ್ತಿದ್ದರು. ನನಗೆ ಹಾಗೆ ಕಂಡಿತು. ಅವರು ಯಾರು ಎಂದು ನಿಮ್ಮನ್ನು ಕೇಳಬೇಕಿತ್ತು."

ಅವನು ಎದ್ದು ಹೋಗಿ ಫೋಟೊದ ಕೆಳಗಿನ ಚೀಟಿಯನ್ನು ಕಿತ್ತು ತಂದ. ಫೋಟೊವನ್ನೂ ಇಳಿಸಿಕೊಡಲೇ ಎಂದು ಕೇಳಿದ. ಇಳಿಸಿ ಎನ್ನಲೆಂದೇ ಸುಗುಣಾ ಬಂದಿದ್ದಳು. ಎದ್ದು, ಮೂರು ಅಡಿ ಎತ್ತರಕ್ಕೆ ಅಚ್ಚಾದ ಆ ಮುಖದ ಮುಂದೆ ಹೋಗಿ ನಿಂತಳು. ಇಳಿಸು ಎನ್ನುವುದೂ ಇರಲಿ ಎನ್ನುವುದೂ ತನ್ನದಲ್ಲ ಎಂದು ಆಗ ಹೊಳೆಯಿತು.

"ನಾಳೆ ಹೇಳುತ್ತೇನೆ," ಎಂದು ಬಂದಳು.

ಸಂಜೆ ಕುರಿ ಕೂಡುವ ಹೊತ್ತಿಗೆ ಮತ್ತೆ ಕರಡಿಪಟ್ಟಿಗೆ ಹೋದಳು. ಸಿದ್ದಲಕ್ಷ್ಮಮ್ಮ ಹಟ್ಟಿಯ ಬಾಗಿಲಲ್ಲಿ ನಿಂತು ಕುರಿ ಎಣಿಸುತ್ತಿದ್ದಳು. ಎಣಿಕೆ ಮುಗಿಯುವವರೆಗೆ ಸುಗುಣಾ ಕಾದಳು.

"ನಿನ್ನ ಕೇಳ್ದೆ ಕಳ್ಸಿದ್ದು ನನ್ ತಪ್ಪು. ಬರ್ದಿದ್ದು ಓದಿನೂ ಸುಮ್ನಿದ್ದೆ, ಅದು ಅದ್ಕಿಂತ ದೊಡ್ಡ ತಪ್ಪು. ಚೀಟಿ ಕೀಳ್ಸಿ ಬಂದಿವ್ನಿ. ಪೋಟೊನೂ ತೆಗ್ಸು ಅಂದ್ರೆ ನಾಳೆನೇ ಓಗಿ ತತ್ತೀನಿ. ನೀನ್ ಏಳಕ್ಕ."

ಸಿದ್ದಲಕ್ಷ್ಮಮ್ಮ ಅಗಳಿ ಹಾಕಿದಳು. ಅದು ಬಿಗಿಯಾಗಿದೆಯೇ ಎಂದು ಎಳೆದು ನೋಡಿದಳು.

"ನೋಡ್ದೇನೆ ಎಂಗೆ ಏಳ್ಲಿ?" ಎಂದಳು ಕೊನೆಗೆ. "ಪೇಪರ್‌ನಲ್ಲಿ ಮಸಿ ಬಳ್ದಂಗಿತ್ತು. ನಾನ್ ಸರಿಯಾಗ್ ನೋಡೇ ಇಲ್ಲ ಅದ್ನ."

ಜಗಲಿಯ ಮೇಲೆ ಕೂತಿದ್ದ ನಂಜಪ್ಪ ಅಷ್ಟು ದಿನದಲ್ಲಿ ಮೊದಲ ಸಲ ಬಾಯಿ ಬಿಟ್ಟ. "ಓಗ್ ಬಾ. ಕುರಿ ನಾನ್ ನೋಡ್ಕತೀನಿ."

ಮರುದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಬಂದ ಸಿದ್ದಲಕ್ಷ್ಮಮ್ಮನನ್ನು ಸುಗುಣಾ ಒಮ್ಮೆಗೆ ಗುರುತಿಸಲಿಲ್ಲ. ಕಡುಹಸಿರು ರೇಷ್ಮೆ ಸೀರೆ, ತುರುಬಿಗೆ ಕನಕಾಂಬರ, ಎರಡೂ ಕಡೆ ಮೂಗುಬೊಟ್ಟು. ಬಸ್ಸಿನಲ್ಲಿ ಕಿಟಕಿಯ ಕಡೆ ಕೂತು, ಓಮಲೂರು ಬರುವವರೆಗೆ ಒಂದೇ ಮಾತು ಆಡಿದಳು: "ನೀವ್ ಟಿಕೆಟ್ ತಗೋಬ್ಯಾಡಿ, ನಮ್ಗೆ ಪ್ರೀ ಐತೆ."

"ನಂಗೂ ಪ್ರೀನೇ ಅಕ್ಕ," ಎಂದಳು ಸುಗುಣಾ.

ಹಾಲ್‌ನಲ್ಲಿ ಆಗಿನ್ನೂ ಹೆಚ್ಚು ಜನ ಇರಲಿಲ್ಲ. ಧನಶೇಖರ್ ಕೈಮುಗಿದು ಬರಮಾಡಿಕೊಂಡು, ಅವರಿಬ್ಬರನ್ನೇ ಬಿಟ್ಟು ದೂರ ನಿಂತ. ಸಿದ್ದಲಕ್ಷ್ಮಮ್ಮ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬಂದಿದ್ದಳು. ಫೋಟೊದ ಮುಂದೆ ನಿಂತು, ಮೊದಲು ಹಿಂದೆ ಮಂಜಿನಲ್ಲಿ ನಿಂತಿದ್ದ ಕುರಿಗಳನ್ನು ನೋಡಿದಳು.

"ಚುಕ್ಕಿ," ಎಂದಳು. "ಅದ್ರ್ ಪಕ್ಕದಲ್ಲಿರೋದು ಮಾಸಿ ತಿಂಗ್ಳಲ್ಲಿ ಸತ್ತೋಯ್ತಲ್ಲ, ಆ ಕಿವುಡಿ. ಇಲ್ಲಿ ನಿಂತವ್ಳೆ ನೋಡಿ." ಬೆರಳಿನಿಂದ ಅದರ ಬೆನ್ನು ಮುಟ್ಟಿದಳು. ಮುಟ್ಟಬಾರದೆಂದು ಯಾರೂ ಹೇಳಲಿಲ್ಲ.

ಆಮೇಲೆ ತನ್ನ ಮುಖಕ್ಕೆ ಬಂದಳು. ಅಲ್ಲೇ ನಿಂತಳು.

"ನಮ್ಮವ್ವ ಇಂಗೇ ನಗ್ತಿದ್ಲು," ಎಂದಳು ನಿಧಾನವಾಗಿ. "ಅವ್ಳ್ದು ಒಂದ್ ಪೋಟೊನೂ ಇಲ್ಲ ಕಣೇ. ಮೊಕ ಮರ್ತೋಗಿತ್ತು ನಂಗೆ."

ನೀವು ಹೋಗಿ ಕಣೇ ಬಂದದ್ದನ್ನು ಸುಗುಣಾ ಗಮನಿಸಿದಳು. ಪಕ್ಕಕ್ಕೆ ಬಂದು ನಿಂತಳು. ಸಿದ್ದಲಕ್ಷ್ಮಮ್ಮ ನೋಡುತ್ತಲೇ ಅವಳ ಮುಂಗೈ ಹಿಡಿದುಕೊಂಡಳು.

ಅಷ್ಟರಲ್ಲಿ ಮೂವರು ಕಾಲೇಜು ಹುಡುಗಿಯರು ಬಂದರು. ಒಬ್ಬಳು ಫೋಟೊವನ್ನೂ ಹಸಿರು ಸೀರೆಯನ್ನೂ ಎರಡೆರಡು ಸಲ ನೋಡಿ, ಅಜ್ಜಿ, ಇದು ನೀವೇನಾ ಎಂದು ತಮಿಳಿನಲ್ಲಿ ಕೇಳಿದಳು. ಸಿದ್ದಲಕ್ಷ್ಮಮ್ಮ ತಮಿಳಿಗೆ ತಿರುಗಿ, ತಾನೇ ಎಂದಳು. ಎಷ್ಟು ಕುರಿ, ಎಷ್ಟು ಎಕರೆ, ಮಗಳನ್ನು ಎಲ್ಲಿಗೆ ಕೊಟ್ಟಿದೆ ಎಲ್ಲವನ್ನೂ ಹೇಳಿದಳು. ಯಾಕೆ ನಗುತ್ತಿದ್ದೀರಿ ಎಂದು ಅವರು ಕೇಳಿದ್ದಕ್ಕೆ, ಸುಗುಣಾಳನ್ನು ಮುಂದೆ ತಳ್ಳಿ, ದುಪ್ಪಟ್ಟ ಎಳೆದ ಕುರಿಯನ್ನೂ ಗಿರಕಿ ಹೊಡೆದು ಬಿದ್ದವಳನ್ನೂ ಕೈಕಾಲು ಆಡಿಸಿ ತೋರಿಸಿದಳು. ಹುಡುಗಿಯರು ನಕ್ಕರು. ದೂರದಲ್ಲಿ ನಿಂತಿದ್ದ ಧನಶೇಖರ್ ಕೂಡ ನಕ್ಕ.

ಅವನು ಹೊಸ ಚೀಟಿಯೂ ಪೆನ್ನೂ ತಂದು ಏನು ಬರೆಯಲಿ ಎಂದು ಕೇಳಿದಾಗ ಸಿದ್ದಲಕ್ಷ್ಮಮ್ಮ ಯೋಚಿಸಲಿಲ್ಲ.

"ಕರಡಿಪಟ್ಟಿ ಸಿದ್ದಲಕ್ಷ್ಮಮ್ಮ. ನಲವತ್ತೆರಡ್ ಕುರಿ. ಸುಗುಣಾ ಬಿದ್ದಿದ್ ನೋಡಿ ನಗ್ತಾವ್ಳೆ." ಸ್ವಲ್ಪ ತಡೆದು ಕೇಳಿದಳು, "ನಮ್ ಮಾತ್ನಲ್ಲೇ ಬರ್ಯಕಾಯ್ತದಾ?"

ಅಲ್ಲಿದ್ದ ಯಾರಿಗೂ ಕನ್ನಡದ ಅಕ್ಷರ ಬರುತ್ತಿರಲಿಲ್ಲ. ಸುಗುಣಾಳಿಗೂ ಬರುತ್ತಿರಲಿಲ್ಲ, ಅವಳು ಓದಿದ್ದೆಲ್ಲ ತಮಿಳು ಶಾಲೆಯಲ್ಲಿ. ಅವಳೇ ಪೆನ್ನು ತೆಗೆದುಕೊಂಡು, ಆ ಕನ್ನಡ ಮಾತುಗಳನ್ನು ಇದ್ದಹಾಗೇ ತಮಿಳು ಅಕ್ಷರದಲ್ಲಿ ಬರೆದಳು. ಕೆಳಗೆ ಧನಶೇಖರ್ ತಮಿಳಿನಲ್ಲಿ ಅರ್ಥ ಬರೆದ. ಸಿದ್ದಲಕ್ಷ್ಮಮ್ಮ ಎರಡು ಸಲ ಓದಿಸಿ ಕೇಳಿ, ಇರಲಿ, ತೆಗೆಯಬೇಡಿ ಎಂದಳು.

ಹೊರಗೆ ಬಂದು ತಳ್ಳುಗಾಡಿಯಲ್ಲಿ ಇಬ್ಬರೂ ಗರಿ ನಿಪ್ಪಟ್ಟಿನ ನಡುವೆ ಚಟ್ನಿ, ತರಕಾರಿ ತುರಿ ಹಾಕಿಕೊಡುವ ತಟ್ಟುವಡೆ ಸೆಟ್ ತಿಂದರು. ಸಿದ್ದಲಕ್ಷ್ಮಮ್ಮ ಹಲ್ಲಿಲ್ಲದ ಕಡೆಯಿಂದ ಚಟ್ನಿ ಚೀಪುತ್ತಾ, ಬರುವ ಭಾನುವಾರ ಹರೂರಿಗೆ ಹೋಗಬೇಕು, ನೀನೂ ಬರಬೇಕು ಎಂದಳು. ಬೀಗಿತ್ತಿಯ ಮುಂದೆ ಕೂತು ಇದ್ದದ್ದು ಇದ್ದಹಾಗೆ ಹೇಳದೆ ಅವಳಿಗೆ ಸಮಾಧಾನವಿರಲಿಲ್ಲ.

ಭಾನುವಾರ ಹೋದರು. ಶಾಂತಿ ಬಾಗಿಲಲ್ಲೇ ತಾಯಿಯನ್ನು ತಬ್ಬಿಕೊಂಡಳು. ಅವಳ ಅತ್ತೆ ಅಂಜಮ್ಮ ಹಿತ್ತಲಿನ ಚಪ್ಪರದ ಕೆಳಗೆ ಹುಣಸೆಹಣ್ಣಿನ ರಾಶಿಯ ಮುಂದೆ ಕೂತಿದ್ದಳು. ಸಣ್ಣ ಸುತ್ತಿಗೆಯಿಂದ ಸಿಪ್ಪೆ ಒಡೆದು, ನಾರು ಎಳೆದು, ಬೀಜ ತೆಗೆದು ಮೊರಕ್ಕೆ ಹಾಕುತ್ತಿದ್ದಳು. ಬೀಗಿತ್ತಿಯನ್ನು ಕಂಡು ಎದ್ದಳು, ಮುಖದಲ್ಲಿ ಸಂಕೋಚವಿತ್ತು.

ಸಿದ್ದಲಕ್ಷ್ಮಮ್ಮ ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತನ್ನೆಲ್ಲ ಬಿಟ್ಟು, ಸುಗುಣಾ ತಂದಿದ್ದ ಪ್ರಿಂಟನ್ನು ಅವಳ ಮುಂದೆ ಹಿಡಿದಳು. ಅಂಜಮ್ಮ ಕೈ ಸೀರೆಗೆ ಒರೆಸಿಕೊಂಡು ತೆಗೆದುಕೊಂಡಳು. ತುಂಬ ಹೊತ್ತು ನೋಡಿದಳು.

"ಇದ್ರಲ್ಲಿ ನೀನ್ ನೀನಂಗೇ ಇದ್ದೀಯ," ಎಂದಳು. "ಪೇಪರ್‌ನಲ್ಲಿ ಆ ಎರಡ್ ಅಕ್ಷರ ಓದ್ಬುಟ್ಟು ನಂಗೆ ಬ್ಯಾರೆ ಥರ ಕಾಣ್ತು. ಸೊಸೆ ಮುಂದೆ ಅಂಗ್ ಅನ್ನಬಾರ್ದಿತ್ತು. ಮನ್ಸಿಗ್ ಆಕ್ಕೋಬ್ಯಾಡ."

"ಆಯ್ತು ಬುಡು," ಎಂದಳು ಸಿದ್ದಲಕ್ಷ್ಮಮ್ಮ. ರಾಶಿಯ ಇನ್ನೊಂದು ಪಕ್ಕದಲ್ಲಿ ಕೂತು, ತಾನೂ ಒಂದು ಹಿಡಿ ಹಣ್ಣು ಎಳೆದುಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ ಅಂಜಮ್ಮ ತಲೆಯೆತ್ತದೆ ಕೇಳಿದಳು. "ನನ್ದೂ ಒಂದ್ ಇಡೀತೀಯೇನಮ್ಮ?"

"ಇಡೀತೀನಿ," ಎಂದಳು ಸುಗುಣಾ. "ಸೀರೆ ಬದ್ಲಾಯಿಸ್ಕೋಬೇಕಾ?"

"ಯಾಕೆ? ಉಣಸೆಣ್ಣು ಬಿಡ್ಸೋಳು ಇಂಗೇ ಇರೋದು. ನೀನ್ ತೆಗಿ. ಕೆಳ್ಗೆ ಏನ್ ಬರೀಬೇಕು ಅನ್ನೋದ ನಾನ್ ನೋಡ್ಬುಟ್ಟು ಏಳ್ತೀನಿ."

ಹೇಳಿದಳೇ ಹೊರತು, ಕ್ಯಾಮೆರಾ ಕಂಡ ಕೂಡಲೇ ಅಂಜಮ್ಮನ ಬೆನ್ನು ನೆಟ್ಟಗಾಯಿತು, ತುಟಿ ಬಿಗಿಯಾಯಿತು. ಸುಗುಣಾ ಕ್ಯಾಮೆರಾವನ್ನು ಮಡಿಲಿಗೆ ಇಳಿಸಿ, ಚಪ್ಪರದ ಕಂಬಕ್ಕೆ ಒರಗಿ ನೆಲದ ಮೇಲೆ ಕೂತಳು. ಅವಸರವೇನೂ ಇರಲಿಲ್ಲ, ವಾಪಸ್ ಬಸ್ಸು ಐದು ಗಂಟೆಗೆ. ಬೀಗಿತ್ತಿಯರಿಬ್ಬರೂ ಈ ಸಲದ ಹಣ್ಣಿನ ಹುಳಿಯ ಬಗ್ಗೆ ಮಾತಿಗೆ ತೊಡಗಿದರು. ಶಾಂತಿ ಒಳಗಿನಿಂದ ಏನೋ ಕೇಳಿದಳು, ಅಂಜಮ್ಮ ಇಲ್ಲಿಂದಲೇ ಉತ್ತರ ಕೊಟ್ಟಳು. ಅವಳ ಕೈ ತನ್ನಷ್ಟಕ್ಕೆ ಒಡೆಯುತ್ತಾ, ಎಳೆಯುತ್ತಾ, ಮೊರಕ್ಕೆ ಹಾಕುತ್ತಾ ಇತ್ತು. ಚಪ್ಪರದ ಗರಿಗಳ ಸಂದಿನಿಂದ ಬಿಸಿಲು ಸರಿದು ಬಂದು, ಮೊದಲು ರಾಶಿಯ ಮೇಲೆ, ಆಮೇಲೆ ಆ ಕಂದು ಬೆರಳುಗಳ ಮೇಲೆ ಬಿತ್ತು. ಅಂಜಮ್ಮ ಸುಗುಣಾ ಇರುವುದನ್ನೇ ಮರೆತಿದ್ದಳು. ಸುಗುಣಾ ಮೆಲ್ಲಗೆ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದಳು.